ಇಪ್ಪತ್ತೇಳನೇ ಪಾತಿ

ನಮ್ಮೂರಿನಲ್ಲಿ ಬಂದವರ ಕಾಲು ಮೊದಲು ನೋಡುತ್ತಾರೆ, ಮುಖ ಆಮೇಲೆ. ಇಲ್ಲಿ ಮಣ್ಣಿನ ಮೇಲೆ ಒಮ್ಮೆ ಬಿದ್ದ ಹೆಜ್ಜೆ ಅಳಿಯುವುದಿಲ್ಲ. ಮಳೆ ಬಂದರೂ ಇಲ್ಲ, ಗುಡಿಸಿದರೂ ಇಲ್ಲ. ದೇಸಾಯರ ಮುತ್ತಜ್ಜ ಓಡಿಹೋದ ಸೊಸೆಯ ಹೆಜ್ಜೆ ಕಣ್ಣಿಗೆ ಬೀಳಬಾರದೆಂದು ತೋಟಕ್ಕೆಲ್ಲ ನೇಗಿಲು ಹೊಡೆಸಿದನಂತೆ. ಬಿತ್ತಿದ ಜೋಳ ಮೊಳಕೆ ಒಡೆಯುವ ಮೊದಲೇ ಅವಳ ಹೆಜ್ಜೆ ಮೇಲೆದ್ದು ಬಾವಿಯ ದಾರಿ ತೋರಿಸುತ್ತಿತ್ತು. ಹೆಣ್ಣು ನೋಡಲು ಬಂದವರು ಚಹಾ ಕುಡಿದು ಹಿತ್ತಿಲಿಗೆ ಹೋಗಿ ನೆಲ ನೋಡುತ್ತಾರೆ. ಕುಡುಕರು ಗೋಡೆಯ ಮೇಲೆ ನಡೆಯುವುದನ್ನು ಕಲಿತಿದ್ದಾರೆ. ಯಾರಾದರೂ ಸತ್ತರೆ ಅವರ ಕೊನೆಯ ಹೆಜ್ಜೆಯ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ, ಮಕ್ಕಳು ಅದನ್ನು ದಾಟಿ ಆಡುತ್ತವೆ. ಹೀಗೆಯೇ ನಡೆದಿದೆ ಬದುಕು.

ನಾನು ಹುಲಿಗೆಮ್ಮ. ಹದಿನಾಲ್ಕು ವರ್ಷ ಈ ಊರಿನ ಮಕ್ಕಳ ಫುಟ್‌ಬಾಲ್ ಅಕಾಡೆಮಿಗೆ ಡೈರೆಕ್ಟರ್ ಆಗಿದ್ದೆ. ಹುಟ್ಟಿದ್ದು ಕಲ್ಲುಹಾಸಿನ ಕೇರಿಯಲ್ಲಿ. ಸತ್ತ ದನ ಎಳೆಯುವವರು, ಗಟಾರ ಬಳಿಯುವವರು, ಊರು ಏಳುವ ಮೊದಲು ಬೀದಿ ಗುಡಿಸುವವರು ನಾವು. ಮುಟ್ಟಬೇಡಿ ಎಂದು ಬೇರೆ ಊರಿನವರು ಹೇಳುತ್ತಿದ್ದರಂತೆ. ನಮ್ಮೂರಿನವರು ಇನ್ನೂ ಜಾಣರು. ನಿಮ್ಮ ಹೆಜ್ಜೆ ಉಳಿಯಬಾರದು ಎಂದರು. ಅದಕ್ಕಾಗಿ ನಾವು ಹೋಗಬೇಕಾದ ಕಡೆಗೆಲ್ಲ ಚಪ್ಪಡಿ ಹಾಸಿದರು. ಕೇರಿಯಿಂದ ಗಟಾರಕ್ಕೆ, ಗಟಾರದಿಂದ ಸುಡುಗಾಡಿಗೆ. ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಏಳು ತಲೆಮಾರು ಈ ಊರಿನ ಹೊಲಸು ಹೊತ್ತವರದು ಈ ಊರಿನಲ್ಲಿ ಒಂದು ಬೆರಳಿನ ಗುರುತೂ ಇರಲಿಲ್ಲ. ಮನೆ ಕಟ್ಟಲು ಜಾಗ ಕೇಳಲು ಹೋದರೆ, 'ನೀವು ಮೊದಲಿನಿಂದ ಇಲ್ಲೇ ಇದ್ದವರು ಅನ್ನೋದಕ್ಕ ಹೆಜ್ಜಿ ಎಲ್ಲೈತಿ, ತೋರಿಸ್ರಿ' ಎನ್ನುತ್ತಿದ್ದರು.

ಕೂಸು ನಿಲ್ಲಲು ಕಲಿತ ದಿನವೇ ನಮ್ಮ ತಾಯಂದಿರು ಒಂದು ಪಾಠ ಹೇಳುತ್ತಿದ್ದರು. ನನ್ನವ್ವನೂ ಹೇಳಿದಳು: 'ಮೆಲ್ಲಕ ನಡೀಯವ್ವಾ. ನೆಲಕ್ಕ ಗೊತ್ತಾಗಬಾರದು.' ಕಲ್ಲಿನಿಂದ ಕಾಲು ಜಾರಿ ಮಣ್ಣಿಗೆ ತಾಗಿದರೂ ಆಳ ಬೀಳಬಾರದಲ್ಲ.

ನನಗೆ ಹನ್ನೊಂದು ವರ್ಷ. ಮೈದಾನದ ಪಕ್ಕದ ಚಪ್ಪಡಿಯ ಮೇಲೆ ಅವ್ವನ ಜೊತೆ ಕಸದ ಬುಟ್ಟಿ ಹಿಡಿದು ನಿಂತಿದ್ದೆ. ಊರಿನ ಹುಡುಗರ ಚೆಂಡು ಉರುಳುತ್ತ ನಮ್ಮ ಕಡೆ ಬಂತು. ಎಡಗಾಲನ್ನು ಮಣ್ಣಿಗಿಟ್ಟು ಬಲಗಾಲಿನಿಂದ ಒದ್ದೆ. ಯಾಕೆ ಒದ್ದೆ ಎಂದು ಪಂಚಾಯಿತಿಯಲ್ಲಿ ಕೇಳಿದರು, ಇವತ್ತಿಗೂ ಉತ್ತರ ಗೊತ್ತಿಲ್ಲ. ಬಂತು, ಒದ್ದೆ. ಚೆಂಡು ಆಚೆ ತುದಿಯ ಗೋಲುಕಂಬದ ಮೇಲಿನಿಂದ ಹಾರಿ ಬೇಲಿಯಾಚೆ ಬಿತ್ತು. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಕೆಳಗೆ ನೋಡುತ್ತಿದ್ದರು, ನನ್ನ ಎಡಗಾಲಿನ ಹೆಜ್ಜೆಯನ್ನು. ಅಳಿಸುವಂತಿಲ್ಲ, ಬಿಡುವಂತಿಲ್ಲ. ಕೊನೆಗೆ ಒಂದು ಚಪ್ಪಡಿ ತಂದು ಅದರ ಮೇಲೆ ಮುಚ್ಚಬೇಕು ಎಂದಾಯಿತು. ಆ ಚಪ್ಪಡಿಯನ್ನು ನನ್ನವ್ವನ ಕೈಯಲ್ಲೇ ಎಳೆಸಿದರು.

ಮೌನೇಶಪ್ಪ ಎಂಬ ಮುದುಕನೊಬ್ಬ ಊರಿನ ಹೆಜ್ಜೆ ಓದುವವನಾಗಿದ್ದ. ಕಳ್ಳರನ್ನು ಹಿಡಿಯುವುದು, ಹೊಲದ ಜಗಳ ಬಿಡಿಸುವುದು ಅವನ ಕೆಲಸ, ಸಂಜೆ ಹುಡುಗರಿಗೆ ಫುಟ್‌ಬಾಲ್ ಕಲಿಸುವುದು ಅವನ ಹುಚ್ಚು. ಆಚೆ ಗೋಲಿನ ಹಿಂದೆ ಕೂತಿದ್ದವನು ಎದ್ದು ಬಂದು, 'ಈ ಕಾಲು ನಂಗ ಬೇಕು' ಎಂದ. ಬೈದರು, ಬಿಡಲಿಲ್ಲ. ಎರಡು ವರ್ಷ ನನ್ನನ್ನು ಚಪ್ಪಡಿಯ ಮೇಲೇ ಆಡಿಸಿದ. ಆಮೇಲೆ ನೆರೆಯೂರಿನ ಮೇಲೆ ಸತತ ಐದು ಪಂದ್ಯ ಸೋತ ಊರು ತಾನಾಗಿಯೇ ನನ್ನನ್ನು ಮಣ್ಣಿಗಿಳಿಸಿತು. ಗೆದ್ದ ದಿನ ಊರಿನ ಮಗಳು, ಸೋತ ದಿನ ಕೇರಿಯವಳು. ಮೊಣಕಾಲು ಮುರಿಯುವವರೆಗೆ ಆಡಿದೆ, ಆಮೇಲೆ ಕೋಚ್ ಆದೆ. ಮೌನೇಶಪ್ಪ ಹೆಜ್ಜೆ ಓದುವ ವಿದ್ಯೆಯನ್ನು ನನಗೇ ಕೊಟ್ಟು ತೀರಿಕೊಂಡ. ಓಡುವಾಗ ಯಾರು ಬೇಕಾದರೂ ಸುಳ್ಳು ಹೇಳಬಹುದು, ನಡಿಗೆ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ, ಕಳ್ಳರ ವಿಷಯದಲ್ಲಿ. ಅದನ್ನು ಮಕ್ಕಳಿಗೆ ಅಂಟಿಸಿದವಳು ನಾನು. ಮೂವತ್ತೆಂಟನೆಯ ವಯಸ್ಸಿಗೆ ಡೈರೆಕ್ಟರ್ ಆದಾಗ ಆ ಹಳೆಯ ಚಪ್ಪಡಿಯ ಮೇಲೆ ನನ್ನ ಹೆಸರು ಕೆತ್ತಿಸಿ ಹಾರ ಹಾಕಿದರು. ಚಪ್ಪಡಿ ಎತ್ತಲಿಲ್ಲ. ನಾನೂ ಎತ್ತಿ ಎನ್ನಲಿಲ್ಲ. ಹಾರ ಚೆನ್ನಾಗಿತ್ತು.

ಅಷ್ಟರಲ್ಲಿ ಕಾಲ ಬದಲಾಗಿತ್ತು, ಕೇರಿಯವರು ಮಣ್ಣಿನ ಮೇಲೆ ನಡೆಯಬಹುದಾಗಿತ್ತು. ಆದರೆ ಅಕಾಡೆಮಿಗೆ ಮಕ್ಕಳನ್ನು ಆರಿಸುವಾಗ ಕಮಿಟಿಯವರು ಕೇಳುವ ಮೊದಲ ಪ್ರಶ್ನೆ 'ಯಾರ ಮಗ' ಎಂದೇ ಇತ್ತು. ನಮ್ಮ ಕೇರಿಯ ಓದಿನ ಬಳಗದಲ್ಲಿ ಭಾನುವಾರ ಭಾನುವಾರ ಕೂತು ವಾದ ಮಾಡಿ ಬೆಳೆದವಳು ನಾನು. ಹೆಸರು ಕೇಳಿದಲ್ಲೇ ಅನ್ಯಾಯ ಶುರುವಾಗುತ್ತದೆ ಎಂದು ಅಲ್ಲೇ ಕಲಿತದ್ದು. ಹೆಸರೇ ಬೇಡ, ಮುಖವೂ ಬೇಡ ಎಂದೆ. ಅಕಾಡೆಮಿಯ ಹಿಂದೆ ಉದ್ದುದ್ದ ಪಾತಿ ಮಾಡಿಸಿದೆ, ಸೊಪ್ಪಿನ ಪಾತಿಯ ಹಾಗೆ, ಸೋಸಿದ ಹಸಿಮಣ್ಣಿನದು. ಒಂದು ಮಗುವಿಗೆ ಒಂದು ಪಾತಿ, ಒಂದು ನಂಬರ್. ಮಗು ಪರದೆಯಾಚೆ ಮೂವತ್ತು ಹೆಜ್ಜೆ ನಡೆದು ಇನ್ನೊಂದು ಬಾಗಿಲಿನಿಂದ ಹೋಗಬೇಕು. ಆಮೇಲೆ ನಾನು ಹೋಗಿ ಮಣ್ಣು ಓದುತ್ತೇನೆ. ತೀರ್ಪಾದ ಮೇಲೆಯೇ ಹೆಸರಿನ ಲಕೋಟೆ ಒಡೆಯಬೇಕು, ಅದೂ ಆಯ್ಕೆಯಾದವರದು ಮಾತ್ರ. ಬಿದ್ದವರ ಲಕೋಟೆ ಸುಟ್ಟುಬಿಡಬೇಕು, ಯಾರ ಮಗುವಿಗೂ ನಾಚಿಕೆಯಾಗಬಾರದು.

ಕಮಿಟಿಯ ಅಧ್ಯಕ್ಷ ಜಯರಾಜ ದೇಸಾಯಿ ಆ ನಿಯಮಕ್ಕೆ ಕುದಿದುಹೋದ. ಸಭೆಯಲ್ಲಿ ನನ್ನನ್ನು 'ಹುಲಿಗೆಮ್ಮನವರ' ಎಂದು ಕರೆಯುವವನು, ಹೊರಗೆ 'ಹುಲಿಗಿ'. ಮೊದಲ ವರ್ಷ ಅವನ ಅಣ್ಣನ ಮಗನೇ ಬಿದ್ದ. ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಪತ್ರಿಕೆಯವರು ಬಂದರು. ನೆಲಕ್ಕೆ ಅಡ್ಡಹೆಸರು ಗೊತ್ತಿಲ್ಲ ಎಂದು ಹೇಳಿದೆ, ಅದನ್ನೇ ದಪ್ಪಕ್ಷರದಲ್ಲಿ ಹಾಕಿದರು. ಅಕಾಡೆಮಿಯ ಗೋಡೆಯ ಮೇಲೂ ಬರೆಸಿದೆವು.

ಇದು ಹಿನ್ನೆಲೆ. ಈಗ ಗಾಳೆವ್ವನ ವಿಷಯ.

ಗಾಳೆವ್ವ ನಮ್ಮ ಕೇರಿಯ ದ್ಯಾಮವ್ವನ ಮಗಳು. ದ್ಯಾಮವ್ವ ಅಕಾಡೆಮಿಯಲ್ಲಿ ಕಸ ಗುಡಿಸುತ್ತಾಳೆ. ಕಳೆದ ಬೇಸಿಗೆಯಲ್ಲಿ ಕೇರಿಯ ನಲ್ಲಿಯ ಹತ್ತಿರ ಆ ಹುಡುಗಿ ಚಿಂದಿಯ ಚೆಂಡು ಆಡುವುದನ್ನು ನೋಡಿದೆ. ನಮ್ಮ ಅಕಾಡೆಮಿಯ ಮೂವರು ಹುಡುಗರು ಸೈಕಲ್ ನಿಲ್ಲಿಸಿ ಅವಳನ್ನು ಕೆಣಕುತ್ತ ಚೆಂಡು ಕಸಿಯಲು ಹೋದರು. ಒಬ್ಬನ ಕಾಲ ನಡುವೆ ತೂರಿಸಿದಳು. ಇನ್ನೊಬ್ಬ ತುಂಬಿದ ಕೊಡಕ್ಕೆ ಡಿಕ್ಕಿ ಹೊಡೆದು ಬಿದ್ದ. ಮೂರನೆಯವನು ಸುಮ್ಮನೆ ನಿಂತುಬಿಟ್ಟ. ಕೊಡದವಳು ಹುಡುಗನಿಗೆ ಬೈಯುತ್ತಿದ್ದಳು, ಗಾಳೆವ್ವ ನಗುತ್ತಿದ್ದಳು, ನನ್ನ ಮುರಿದ ಮೊಣಕಾಲು ಕುಟುಕುಟು ಎನ್ನುತ್ತಿತ್ತು. ನಲವತ್ತು ವರ್ಷಗಳಲ್ಲಿ ಅಂಥ ಕಾಲು ನಾನು ನೋಡಿರಲಿಲ್ಲ.

'ಏ ಹುಡುಗೀ, ವಯಸ್ಸೆಷ್ಟು?'

'ಹನ್ನೊಂದ್ರಿ. ಸಂಕ್ರಾಂತಿಗೆ ಹನ್ನೆರಡು.'

ಹನ್ನೆರಡು ತುಂಬಿದವರನ್ನು ಅಕಾಡೆಮಿ ತೆಗೆದುಕೊಳ್ಳುವುದಿಲ್ಲ. ಅವಳಿಗೆ ಉಳಿದಿದ್ದು ಇದೊಂದೇ ಆಯ್ಕೆ. ಬಾ ಎಂದೆ. ಮತ್ತೇನನ್ನೂ ಹೇಳಲಿಲ್ಲ. ಹೇಳಿದರೆ ನನ್ನ ನಿಯಮಕ್ಕೆ ನಾನೇ ಕಣ್ಣು ಹೊಡೆದಂತೆ.

ಆಯ್ಕೆಯ ದಿನ ಅರವತ್ತು ಪಾತಿ ಓದಿದೆ. ಮರುದಿನ ಬೆಳಿಗ್ಗೆ ಲಕೋಟೆ ಒಡೆದೆವು. ಹದಿನೆಂಟು ಹೆಸರು. ಗಾಳೆವ್ವ ಇಲ್ಲ. ನನ್ನ ಸಹಾಯಕ ಕೋಚ್ ಸೋಮಲಿಂಗನ ಕೈಯಿಂದ ಹಾಳೆ ಕಸಿದು ಮತ್ತೆ ಓದಿದೆ. ಇಲ್ಲ. ಸಂಜೆ ನಾಲ್ಕಕ್ಕೆ ಕಮಿಟಿ ಸಹಿ ಹಾಕಿದರೆ ಮುಗಿಯಿತು.

ನನ್ನ ತಲೆಗೆ ಬಂದದ್ದು ಒಂದೇ. ಲಕೋಟೆ ಬದಲಾಯಿಸಿದ್ದಾರೆ. ದೇಸಾಯಿಯ ಮೊಮ್ಮಗನ ಹೆಸರು ಹಾಳೆಯಲ್ಲಿತ್ತು, ಇನ್ನೇನು ಬೇಕು ಸಾಕ್ಷಿ? ಚಪ್ಪಲಿಯನ್ನೂ ಮೆಟ್ಟದೆ ಅವನ ಮನೆಗೆ ನಡೆದೆ. ಪಡಸಾಲೆಯಲ್ಲಿ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದ, ಅರ್ಧ ಗಲ್ಲಕ್ಕೆ ಸೋಪಿನ ನೊರೆ.

'ಏನು ಮಾಡೀರಿ ನಮ್ಮ ಹುಡುಗಿ ಲಕೋಟಿ?' ಎಂದೆ. ಮತ್ತೂ ಬಹಳ ಅಂದೆ. ಅವನ ಮುತ್ತಜ್ಜನಿಂದ ಹಿಡಿದು ಎಲ್ಲರನ್ನೂ ಎಳೆದೆ. ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ಹಿಡಿದು ನಿಂತ.

ದೇಸಾಯಿ ಸಿಟ್ಟಾಗಲಿಲ್ಲ. ಅದೇ ನನ್ನನ್ನು ಹೆದರಿಸಿತು. ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ನಕ್ಕ. 'ಹುಲಿಗೀ, ದೇವರಾಣಿ, ಈ ಸಲ ನಾವು ಏನೂ ಮಾಡಿಲ್ಲ. ಮಾಡೂ ಜರೂರೂ ಇಲ್ಲ. ಹದಿನಾಲ್ಕು ವರ್ಷದಾಗ ನಿಮ್ಮ ಕೇರಿದು ಒಂದು ಕೂಸರೆ ಪಾಸಾಗೇತೇನು, ಎಣಿಸು. ನಿನ್ನಷ್ಟು ಚಲೋ ನಿಯಮ ನಮ್ಮ ಮುತ್ತಜ್ಜಗೂ ಮಾಡಾಕ ಬಂದಿರಲಿಲ್ಲ.'

ಬಿಸಿಲು ಏರಿತ್ತು. ವಾಪಸು ಬರುವಾಗ ಎಣಿಸುತ್ತ ಬಂದೆ. ಆಯ್ಕೆಯಾದ ಪ್ರತಿಯೊಂದು ಮಗುವಿನ ಮುಖವನ್ನೂ ನೆನಪಿಸಿಕೊಂಡೆ. ಕುಂಬಾರರ ಮಕ್ಕಳಿದ್ದರು, ನೇಕಾರರಿದ್ದರು, ಪಿಂಜಾರರಿದ್ದರು, ಗೌಡರಂತೂ ಇದ್ದೇ ಇದ್ದರು. ನಮ್ಮವರು? ಒಬ್ಬರೂ ಇಲ್ಲ. ಬರುತ್ತಿಲ್ಲವೇನೋ, ಅಂಜುತ್ತಾರೇನೋ ಅಂದುಕೊಂಡಿದ್ದೆ. ಹೆಸರು ನೋಡಬಾರದೆಂದು ಕಣ್ಣು ಮುಚ್ಚಿಕೊಂಡವಳಿಗೆ ಯಾರಿಲ್ಲ ಎನ್ನುವುದೂ ಕಂಡಿರಲಿಲ್ಲ.

ದ್ಯಾಮವ್ವ ಅಕಾಡೆಮಿಯ ಹಿಂದೆ ಗುಡಿಸುತ್ತಿದ್ದಳು. 'ಗಾಳೆವ್ವಂದು ಯಾವ ಪಾತಿ?' ಎಂದು ಕೇಳಿದೆ.

'ಹೆಸರು ಹೇಳಬಾರದಂತ ಅಲ್ಲೇನು?'

'ಹೇಳು ದ್ಯಾಮಕ್ಕಾ.'

ಪೊರಕೆಯ ಹಿಡಿಯಿಂದ ತೋರಿಸಿದಳು. ಇಪ್ಪತ್ತೇಳು. ನೆನಪಿತ್ತು ನನಗೆ. ಓದುವುದಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಹಿಮ್ಮಡಿ ಊರಿಯೇ ಇಲ್ಲ. ತೂಕವೆಲ್ಲ ಪಾದದ ಹೊರ ಅಂಚಿನ ಮೇಲೆ. ಹೆಬ್ಬೆರಳು ಒತ್ತಿಲ್ಲ. 'ಅಂಜುಬುರುಕ ಕಾಲು. ನೆಲ ಹಿಡಿಯುವುದಿಲ್ಲ. ಬೇಡ.' ಹಾಗೆಂದು ಬರೆದಿದ್ದೆ. ನನ್ನದೇ ಕೈಬರಹ, ಗೂಟಕ್ಕೆ ಕಟ್ಟಿದ ಚೀಟಿಯಲ್ಲಿ.

'ಇದು ಅಕಿ ನಡಿಗೀನ ಅಲ್ಲ,' ಎಂದೆ. 'ನಲ್ಲಿ ಹತ್ರ ಆಡೂವಾಗ ನಾ ನೋಡೇನಿ.'

'ಆಡೂವಾಗ ಅಕಿಗೆ ಮೈಮ್ಯಾಲೆ ಖಬರ್ ಇರಂಗಿಲ್ಲವ್ವಾ. ನಡೀ ಅಂದ್ರ ಹಿಂಗ ನಡೀತಾಳ. ಮುಂಜಾನೆ ನಾನ ಹೇಳಿ ಕಳಿಸೀನಿ. ಡೈರೆಕ್ಟ್ರವ್ವನ ಮಣ್ಣು, ಮೆಲ್ಲಕ ಕಾಲಿಡು, ನೆಲಕ್ಕ ಗೊತ್ತಾಗಬಾರದು ಅಂತ.' ಚೀಟಿಯ ಕಡೆ ನೋಡಿ ಕೇಳಿದಳು, 'ತಪ್ಪಾತೇನು?'

ಪಾತಿಗಳ ನಡುವೆ ಓಡಿದೆ, ಓಡಿದೆ ಎಂದರೆ ಈ ಮೊಣಕಾಲಿನಲ್ಲಿ ಆಗುವಷ್ಟು. ಹದಿನಾಲ್ಕು ವರ್ಷದ ಪಾತಿಗಳೂ ಅಲ್ಲೇ ಇದ್ದವು, ಸಾಲುಸಾಲು. ನಮ್ಮೂರಿನಲ್ಲಿ ಯಾವುದೂ ಅಳಿಯುವುದಿಲ್ಲವಲ್ಲ. ಹೋದ ವರ್ಷದ ಸಾಲಿನಲ್ಲಿ ಹಿಮ್ಮಡಿಯಿಲ್ಲದ ಹೆಜ್ಜೆ ನಾಲ್ಕು. ಅದರ ಹಿಂದಿನ ವರ್ಷ ಎರಡು. ಅದರ ಹಿಂದೆ ಐದು. ದ್ಯಾಮವ್ವ ಪೊರಕೆ ಹಿಡಿದು ಹಿಂದೆ ಬರುತ್ತಿದ್ದಳು. ನಾನು ಕೇಳದಿದ್ದರೂ ಹೇಳುತ್ತಿದ್ದಳು. 'ಇದು ಸೊಗಲವ್ವನ ಮಗಂದು, ಬೆರಳು ನೋಡು, ಹಂಗ ಅಗಲ. ಇದು ನಮ್ಮ ಹುಚ್ಚಪ್ಪಂದು, ಈಗ ಹಮಾಲಿ ಮಾಡ್ತಾನ. ಇದು ಮಲ್ಲಿಗೆವ್ವಂದು, ಕೊಟ್ಟು ಕಳಿಸಿದ್ರು. ಇದು ಯಾರದೋ... ಹಾಂ, ತೀರಿಹೋತಲ್ಲ, ಆ ಕೂಸಿಂದು.'

'ನಿಂಗ ಎಲ್ಲಾ ಗೊತ್ತಿತ್ತೇನು?'

'ಹದಿನಾಲ್ಕು ವರ್ಷ ಇಲ್ಲೇ ಗುಡಿಸೀನಿ. ಗೊತ್ತಿಲ್ಲದೇನು.'

'ಯಾಕ ಹೇಳಲಿಲ್ಲ?'

ಅವಳು ನನ್ನ ಮುಖ ನೋಡಿದಳು. 'ಹೆಸರು ಹೇಳಬಾರದಂತ ನಿಯಮ ಮಾಡಿದಾಕಿ ನೀನ ಅಲ್ಲೇನವ್ವಾ? ನಮ್ಮಾಕಿ ಮಾಡ್ಯಾಳ, ವಿಚಾರ ಮಾಡೇ ಮಾಡಿರ್ತಾಳ ಅಂದ್ಕೊಂಡ್ವಿ.'

ಕೇರಿಯ ಮಕ್ಕಳು ಒಟ್ಟು ಮೂವತ್ತೆಂಟು. ಗಾಳೆವ್ವ ಮೂವತ್ತೊಂಬತ್ತನೆಯವಳು.

ಆಗ ನೆನಪಾಯಿತು ಮೌನೇಶಪ್ಪ. ಅವನು ನನ್ನ ಹೆಜ್ಜೆ ಓದಿ ನನ್ನನ್ನು ಆರಿಸಿದ ಎಂದೇ ನಾನು ನಲವತ್ತು ವರ್ಷ ನಂಬಿದ್ದೆ, ಎಲ್ಲ ಭಾಷಣಗಳಲ್ಲೂ ಹೇಳಿದ್ದೆ. ಆದರೆ ಅವನು ಕೂತಿದ್ದದ್ದು ಆಚೆ ಗೋಲಿನ ಹಿಂದೆ, ಚೆಂಡು ಹಾರಿಹೋದ ಕಡೆ. ಊರೆಲ್ಲ ನೆಲ ನೋಡುತ್ತಿದ್ದಾಗ ಆ ಮುದುಕನೊಬ್ಬನೇ ಮೇಲೆ ನೋಡಿದ್ದ.

ನಾಲ್ಕು ಗಂಟೆಗೆ ಕಮಿಟಿಯವರು ಬಂದಾಗ ನಾನು ಮೈದಾನದ ಮೂಲೆಯಲ್ಲಿ ಹಾರೆ ಹಿಡಿದು ನಿಂತಿದ್ದೆ. ಸೋಮಲಿಂಗನನ್ನು ಕರೆದು ಇಬ್ಬರೂ ಸೇರಿ ನನ್ನ ಹೆಸರು ಕೆತ್ತಿದ ಚಪ್ಪಡಿಯನ್ನು ಮಗುಚಿದೆವು. ಕೆಳಗೆ ಇರುವೆಗಳು, ಬಿಳಿ ಬೇರು, ಮಧ್ಯದಲ್ಲಿ ಹನ್ನೊಂದು ವರ್ಷದ ಎಡಗಾಲು. ಕಿರುಬೆರಳು ಇವತ್ತಿಗೂ ಸೊಟ್ಟ, ಹಾಗೇ ಸೊಟ್ಟಗೆ ಮೂಡಿತ್ತು.

'ಓದೋ ಸೋಮಲಿಂಗಾ,' ಎಂದೆ. ನನ್ನ ಶಿಷ್ಯರಲ್ಲಿ ಅವನಷ್ಟು ಪ್ರಾಮಾಣಿಕವಾಗಿ ಓದುವವರಿಲ್ಲ. ಕುಕ್ಕರಗಾಲಿನಲ್ಲಿ ಕೂತ. ಬಹಳ ಹೊತ್ತು ನೋಡಿದ. ಎದ್ದು ನಿಂತು ಕತ್ತು ಕೆರೆದುಕೊಂಡ.

'ಅವ್ವಾರ, ಬಿಡ್ರಿ ಇದು.'

'ಓದು.'

'ಹಿಮ್ಮಡಿ ಇಲ್ರಿ. ತೂಕ ಹೊರ ಅಂಚಿಗೈತಿ. ಹೆಬ್ಬೆರಳು ಒತ್ತಿಲ್ಲ.'

'ಅಂದ್ರ?'

ದೇಸಾಯಿಯೇ ಹೇಳಿದ, ನಗುತ್ತಲೇ. 'ಅಂಜುಬುರುಕ ಕಾಲು, ಬ್ಯಾಡ ಅಂತ ಹೇಳಪಾ, ಅದಕ್ಕೇನ ಅಂಜಿಕಿ. ಹುಲಿಗೆಮ್ಮನವರ, ನಿಯಮ ಅಂದ್ರ ನಿಯಮ. ಪರದೆ ಸರಿಸಿ ಹೆಸರು ಕೇಳಿದ್ರ ಹಿಂದಿನಂಗ ನಾವೂ ಕೇಳ್ತೀವಿ. ಆಗಬಹುದೇನು?'

ಹಳೆಯ ಅನ್ಯಾಯ ಹೆಸರು ಕೇಳುತ್ತಿತ್ತು, ನನ್ನ ನ್ಯಾಯ ಕಾಲು ಕೇಳಿತು. ಕಾಲಿಗೂ ಕೇರಿಯಿರುತ್ತದೆ ಎನ್ನುವುದನ್ನು ಆ ಕೇರಿಯಲ್ಲೇ ಹುಟ್ಟಿದವಳು ಮರೆತಿದ್ದಳು. 'ಇನ್ನೊಮ್ಮೆ ನಡೆಸೋಣ,' ಎಂದೆ, ಬೇರೇನೂ ತೋಚದೆ. ಗಾಳೆವ್ವ ಚಪ್ಪಡಿ ದಾರಿಯ ಮೇಲೆ ಅವ್ವನ ಸೆರಗು ಹಿಡಿದು ನಿಂತಿದ್ದಳು. ದ್ಯಾಮವ್ವ ಅವಳ ಬೆನ್ನು ತಟ್ಟಿ, 'ಈ ಸಲ ಗಟ್ಟಿ ಒತ್ತು, ಹಿಮ್ಮಡಿ ಊರು,' ಎಂದು ಪಿಸುಗುಟ್ಟಿದಳು. ಏಳು ತಲೆಮಾರಿನ ಪಾಠವನ್ನು ಒಂದು ಉಸಿರಿನಲ್ಲಿ ತಿದ್ದಬೇಕಿತ್ತು ಪಾಪ.

ಹುಡುಗಿ ಕದಲಲಿಲ್ಲ. 'ನಾ ನಡಿಯಂಗಿಲ್ಲ,' ಎಂದಳು.

'ಯಾಕ ಬೇ?' ಎಂದೆ.

'ನಡದು ಏನ ಮಾಡ್ಲಿ? ಚೆಂಡು ಕೊಡ್ರಿ.'

ಯಾರೋ ನಕ್ಕರು. ಅಲ್ಲೇ ನಿಂತಿದ್ದ ದೇಸಾಯಿಯ ಮೊಮ್ಮಗನ ಕೈಯಲ್ಲಿ ಚೆಂಡಿತ್ತು. ಕೊಡುವುದಿಲ್ಲ, ಬೇಕಾದರೆ ಕಸಿದುಕೋ ಎಂದು ಅದನ್ನು ಕಾಲಿಗೆ ಹಾಕಿಕೊಂಡ. ಮುಂದಿನದೆಲ್ಲ ಎಷ್ಟು ಹೊತ್ತು ನಡೆಯಿತೋ. ಗಾಳೆವ್ವ ಕಲ್ಲಿನಿಂದ ಮಣ್ಣಿಗೆ ಇಳಿದದ್ದನ್ನು ಅವಳೇ ಗಮನಿಸಿರಲಿಕ್ಕಿಲ್ಲ. ಹುಡುಗ ಎಡಕ್ಕೆ ತಿರುಗುವಷ್ಟರಲ್ಲಿ ಚೆಂಡು ಅವನ ಬಳಿ ಇರಲಿಲ್ಲ. ಇನ್ನಿಬ್ಬರು ಅಡ್ಡ ಬಂದರು, ಆಮೇಲೆ ನಾಲ್ವರು. ಅವಳ ಜಡೆ ಬಿಚ್ಚಿತು. ಒಬ್ಬನ ಮೇಲೆ ಎಡವಿ ಬಿದ್ದು ಬಿದ್ದಲ್ಲಿಂದಲೇ ಚೆಂಡನ್ನು ಮುಂದಕ್ಕೆ ತಳ್ಳಿ ಎದ್ದಳು. ಗೋಲಿನಲ್ಲಿ ನಿಂತ ಹುಡುಗ ಕೈ ಚಾಚುವ ಮೊದಲೇ ಬಲೆ ಅಲುಗಿತ್ತು. ಚೀರಿದವಳು ದ್ಯಾಮವ್ವ. ಪೊರಕೆ ಬಿಸಾಕಿ ಮಣ್ಣಿಗಿಳಿದು ಚೀರುತ್ತಿದ್ದಳು. ಅವಳ ಕಾಲೂ ಮೂಡಿತು ಅಲ್ಲಿ.

ದೇಸಾಯಿ ಹಣೆ ಒರೆಸಿಕೊಂಡು ನನ್ನ ಕಡೆ ತಿರುಗಿದ. 'ಹೆಜ್ಜಿ ಹೆಂಗ ಬಿದ್ದಾವ, ಓದ್ರಿ.'

'ನೋಡಿಲ್ಲ,' ಎಂದೆ.

'ನೋಡಿಲ್ಲಂದ್ರ?'

'ನೆಲ ನೋಡಿಲ್ಲ. ಹುಡುಗಿನ್ನ ನೋಡ್ತಿದ್ದೆ.'

ಗಾಳೆವ್ವನನ್ನು ತೆಗೆದುಕೊಂಡರು. ಕರುಣೆಯಿಂದಲ್ಲ. ಮಾಘದಲ್ಲಿ ನೆರೆಯೂರಿನ ಜೊತೆ ಪಂದ್ಯವಿದೆ. ಗೆದ್ದರೆ ಊರಿನ ಮಗಳು ಎನ್ನುವರು, ಸೋತರೆ ಏನೆನ್ನುವರೆಂದು ಅವಳಿಗೆ ನಾನೇ ಹೇಳಿಟ್ಟಿದ್ದೇನೆ. ಕೇಳಿ ನಕ್ಕಳು, 'ಸೋತರ ಅಲ್ಲೇನ್ರಿ' ಎಂದಳು. ನನ್ನನ್ನು ಅದೇ ಸಭೆಯಲ್ಲಿ ತೆಗೆದರು, ಪರದೆಯ ನಿಯಮ ಮುರಿದದ್ದಕ್ಕೆ, ಮತ್ತು ಊರಿನ ಸ್ಮಾರಕಕ್ಕೆ ಹಾರೆ ಹಾಕಿದ್ದಕ್ಕೆ. ಚಪ್ಪಡಿ ಈಗಲೂ ಮಗುಚಿಯೇ ಬಿದ್ದಿದೆ. ನನ್ನ ಹೆಸರು ಅಡಿಗೆ, ಹೆಜ್ಜೆ ಬಿಸಿಲಿಗೆ. ಸೋಮಲಿಂಗ ಈಗ ಡೈರೆಕ್ಟರ್. ಪಾತಿ ತೆಗೆಸಿ ಚೆಂಡು ಕೊಟ್ಟು ನೋಡುತ್ತೇನೆ ಅವ್ವಾರ ಎಂದಿದ್ದಾನೆ. ಹಾಗಾದರೆ ಮಕ್ಕಳನ್ನು ನೋಡಿದ ಕೂಡಲೇ ಯಾರ ಮಗ ಎಂದು ಗೊತ್ತಾಗುತ್ತದಲ್ಲ, ಆಗೇನು ಮಾಡುತ್ತೀ ಎಂದು ಕೇಳಿದೆ. ಗೊತ್ತಿಲ್ಲ ಎಂದ. ನನಗೂ ಗೊತ್ತಿಲ್ಲ. ಬಳಗದಲ್ಲಿ ಪ್ರತಿ ಭಾನುವಾರ ಇದೇ ಜಗಳ.

ಕೂತಲ್ಲಿ ಕೂರಲಾಗುವುದಿಲ್ಲ. ಆ ಮೂವತ್ತೆಂಟರಲ್ಲಿ ಒಂದು ಮಗು ಈಗಿಲ್ಲ. ಉಳಿದವರ ಮನೆಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಹುಚ್ಚಪ್ಪ ಮೂಟೆ ಇಳಿಸದೆಯೇ, 'ಈಗ ಕರೀತಿಯೇನ ಡೈರೆಕ್ಟ್ರವ್ವಾ? ಇಪ್ಪತ್ತೆರಡು ಆತು ನಂಗ' ಎಂದು ನಕ್ಕು ಮುಂದೆ ಹೋದ. ಸೊಗಲವ್ವ ಬಾಗಿಲು ಹಾಕಿಕೊಂಡಳು.

ನಿನ್ನೆ ಪಕ್ಕದ ಊರಿಗೆ, ಮಲ್ಲಿಗೆವ್ವನ ಗಂಡನ ಮನೆಗೆ ಹೋಗಿದ್ದೆ. ಬಗಲಲ್ಲಿ ಕೂಸು ಹೊತ್ತು ಬಾಗಿಲಿಗೆ ಬಂದಳು. ಹೊಸಿಲಿನಾಚೆ ನಿಂತೇ ಹೇಳಿದೆ: 'ನಾ ಹುಲಿಗೆಮ್ಮ. ಹನ್ನೊಂದು ವರ್ಷದ ಹಿಂದ ನಿನ್ನ ನೋಡಲಾರದ ಬ್ಯಾಡ ಅಂತ ಚೀಟಿ ಬರದಾಕಿ ನಾನ.'

ನಮ್ಮೂರಿನಲ್ಲಿ ಬೆಳೆದವಳು, ಕಾಲು ನೋಡುತ್ತಾಳೆ ಅಂದುಕೊಂಡೆ. ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು, ಕೂಸೂ ನೋಡಿತು. ಬೈಯಲಿಲ್ಲ, ಒಳಗೆ ಬಾ ಎನ್ನಲೂ ಇಲ್ಲ. ನನಗೆ ತಲೆ ತಗ್ಗಿಸಬೇಕೆನಿಸಿತು. ತಗ್ಗಿಸಿದರೆ ಮತ್ತೆ ನೆಲವೇ ಕಾಣುತ್ತದೆ. ತಗ್ಗಿಸಲಿಲ್ಲ.